ವಿಜಯಪುರದ ಮುಸಲ್ಮಾನ ನೆರೆಯವರೂ ಕ್ರೈಸ್ತವಾಙ್ಮಯವೂ: ಬೋದ್ಧವ್ಯವಿಚಾರ

ಪರಧರ್ಮದವನಾದ ನೆರೆಯವನಿಗೆ ತನ್ನ ಧರ್ಮದ ವಿಷಯವನ್ನು ಹೇಳಬಯಸುವವನು ಅದನ್ನು ಯಾವ ಮಾತಿನಲ್ಲಿ ಹೇಳಬೇಕು? ಈ ಪ್ರಶ್ನೆಯು ಮತಪ್ರಚಾರಕರಿಗೆ ಸೇರಿದ್ದೆಂದು ಸಾಹಿತ್ಯವಿಮರ್ಶಕರು ಅದನ್ನು ಬಿಟ್ಟುಬಿಡುವುದುಂಟು. ಆದರೆ ಇದು ಮೊದಲಿಗೆ ವಾಕ್ಕಿನ ಪ್ರಶ್ನೆಯು. ಆದಕಾರಣ ನಮ್ಮ ಶಾಸ್ತ್ರಕ್ಕೂ ಸಂಬಂಧಪಟ್ಟದ್ದು. ಮತಾಂತರವು ಯುಕ್ತವೋ ಅಯುಕ್ತವೋ ಎಂಬ ವಿಚಾರವನ್ನು ಪ್ರಕೃತ ಲೇಖನದಲ್ಲಿ ನಾನು ಕೈಕೊಂಡಿಲ್ಲ. ಲೇಖಕನು ಕ್ರೈಸ್ತನೂ ಅಲ್ಲ, ಮುಸಲ್ಮಾನನೂ ಅಲ್ಲ. ಒಂದು ನಗರದಲ್ಲಿ ಒಬ್ಬರ ಗೋಡೆಗೊಬ್ಬರು ಹೊಂದಿ ಬಾಳುವ ಜನರ ನಡುವೆ ಹುಟ್ಟಿದ, ಅಥವಾ ಹುಟ್ಟಬೇಕಾಗಿದ್ದ, ವಾಙ್ಮಯವನ್ನು ಪರೀಕ್ಷಿಸುವುದಷ್ಟೇ ಇಲ್ಲಿಯ ಉದ್ದೇಶವು.

ಈ ವಿಚಾರಕ್ಕೆ ನಿಮಿತ್ತವಾದ ಸಂಗತಿಯು ಸಣ್ಣದು. ವಿಜಯಪುರದಲ್ಲಿ ನನಗೆ ಪರಿಚಿತರಾದ ಕ್ರೈಸ್ತ ಉಪಾಧ್ಯಾಯರೊಬ್ಬರಿದ್ದಾರೆ. ಅವರ ಮನೆಯ ಪಕ್ಕದಲ್ಲಿ ಸೊಲ್ಲಾಪುರದ ಕಡೆಯಿಂದ ಕೆಲಸಕ್ಕಾಗಿ ಬಂದು ನೆಲೆಸಿದ ಮುಸಲ್ಮಾನ ಕುಟುಂಬವೊಂದಿದೆ. ಆ ಮನೆಯ ಮುದುಕಿಗೆ ಕಣ್ಣು ಮಂದವಾದುದರಿಂದ, ಉಪಾಧ್ಯಾಯರು ಸಾಯಂಕಾಲದಲ್ಲಿ ಹೋಗಿ ಏನಾದರೂ ಓದಿ ಹೇಳುವ ವಾಡಿಕೆ. ಒಂದು ದಿನ ಯೇಸುವಿನ ಚರಿತ್ರೆಯುಳ್ಳ ಉರ್ದು ಪುಸ್ತಕವನ್ನು ಒಯ್ದು, ಮನೆಯವರ ಅನುಮತಿ ಪಡೆದು, ಓದಿದರಂತೆ. ಮುದುಕಿಯು ಆದರದಿಂದಲೇ ಕೇಳಿ ಕಡೆಗೆ, “ಮಾಸ್ತರ, ಇದು ಮೌಲವಿ ಸಾಹೇಬರ ಮಾತಿನ್ಹಂಗೈತಿ, ನಮ್ಮ ಮನೀ ಮಾತಲ್ಲ. ಬೀಬಿ ಮರ್ಯಮ್ಮನ ಕಥಿ ನಮಗೂ ಗೊತ್ತೈತಿ. ನಾ ಹೇಳಲೇನು?” ಎಂದಳಂತೆ. ಉಪಾಧ್ಯಾಯರು ಇದನ್ನು ನನಗೆ ಹೇಳಿ, “ಶಾಸ್ತ್ರಿಗಳೇ, ದೋಷವು ಪುಸ್ತಕದಲ್ಲಿತ್ತೋ ನನ್ನಲ್ಲಿತ್ತೋ?” ಎಂದು ಕೇಳಿದರು. ಅಂದು ನಾನು ಉತ್ತರ ಕೊಡಲಿಲ್ಲ. ಈ ಲೇಖನವೇ ಆ ಉತ್ತರವೆಂದು ಭಾವಿಸಬಹುದು.

1

ಆಲಂಕಾರಿಕರು ಅರ್ಥವ್ಯಂಜಕತೆಯನ್ನು ನಿರೂಪಿಸುವಾಗ ವಕ್ತೃವಿನ ವೈಶಿಷ್ಟ್ಯವನ್ನು ಹೇಳಿದ ಕೂಡಲೇ ಬೋದ್ಧವ್ಯನ ವೈಶಿಷ್ಟ್ಯವನ್ನು ಹೇಳುತ್ತಾರೆ. ಬೋದ್ಧವ್ಯನೆಂದರೆ ಯಾರನ್ನು ಕುರಿತು ಮಾತು ಹೊರಡುತ್ತದೆಯೋ ಅವನು. ಒಂದೇ ವಾಕ್ಯವು ಕೇಳುವವನು ಬದಲಾದರೆ ಬೇರೆ ಅರ್ಥವನ್ನು ಕೊಡುವುದೆಂಬುದು ಮಮ್ಮಟನ ಕಾವ್ಯಪ್ರಕಾಶವನ್ನು ಓದಿದ ವಿದ್ಯಾರ್ಥಿಗೂ ತಿಳಿದದ್ದೇ. ಶಾಸ್ತ್ರಗ್ರಂಥಗಳ ಆರಂಭದಲ್ಲಿಯೂ ವಿಷಯ, ಪ್ರಯೋಜನ, ಸಂಬಂಧಗಳೊಡನೆ ಅಧಿಕಾರಿಯನ್ನು ಹೇಳುವ ಸಂಪ್ರದಾಯವಿದೆ. ಅಧಿಕಾರಿಯಿಲ್ಲದ ಗ್ರಂಥವು ವಿಳಾಸವಿಲ್ಲದ ಓಲೆಯಂತೆ.

ಆದುದರಿಂದ ನಾವು ಪ್ರತಿಯೊಂದು ಗ್ರಂಥಕ್ಕೂ ಹಾಕಬೇಕಾದ ಪ್ರಶ್ನೆಯು ಒಂದೇ. ಇದರಲ್ಲಿ ಮುಸಲ್ಮಾನನು ಬೋದ್ಧವ್ಯನೋ, ಕೇವಲ ವಿಷಯನೋ? ಅವನೊಡನೆ ಮಾತಾಡಲಾಗಿದೆಯೋ, ಅವನ ಮೇಲೆ ಮಾತಾಡಲಾಗಿದೆಯೋ?

2

ವಿಜಯಪುರವು ಮೂಲತಃ ವಲಸಿಗರ ರಾಜಧಾನಿ. ಹದಿನೈದನೆಯ ಶತಮಾನದ ಕೊನೆಯಲ್ಲಿ ಆದಿಲಶಾಹಿಯನ್ನು ಸ್ಥಾಪಿಸಿದ ಯೂಸುಫನೇ ಹೊರದೇಶದಿಂದ ಬಂದವನು. ಪಾರಸಿಕರು, ತುರುಕರು, ಅರಬರು, ಹಬಶಿಗಳು ಇಲ್ಲಿ ನೆಲೆಸಿದರು. ಹೊಸದಾಗಿ ಬಂದವರನ್ನು ‘ಆಫಾಕಿ’ಗಳೆಂದೂ ಮೊದಲೇ ನೆಲೆಸಿದವರನ್ನು ‘ದಖನಿ’ಗಳೆಂದೂ ಕರೆಯುತ್ತಿದ್ದರು. ಇವರಿಬ್ಬರ ಪೈಪೋಟಿಯು ಆಸ್ಥಾನದ ರಾಜಕಾರಣದಲ್ಲೆಲ್ಲ ಹರಡಿತ್ತು. ಇತಿಹಾಸಕಾರ ಫರಿಶ್ತನೂ ಅಸ್ತರಾಬಾದಿನಿಂದ ಬಂದವನೇ.

ಇಂಥ ನಗರಕ್ಕೆ ಕ್ರೈಸ್ತ ಪಾದ್ರಿಗಳು ಮೊದಲು ಬಂದದ್ದು ತಾವಾಗಿ ಅಲ್ಲ, ಕರೆಯಿಸಿಕೊಂಡು. ಒಂದನೆಯ ಅಲಿ ಆದಿಲಶಹನು (1558-1580) ಗೋವೆಯಿಂದ ವಿದ್ವಾಂಸರಾದ ಪಾದ್ರಿಗಳನ್ನು ಕಳುಹಿಸಬೇಕೆಂದು ಕೇಳಿಕೊಂಡನು. ಅದರಂತೆ 1561ರಲ್ಲಿ ಗೊನ್ಸಾಲೊ ರೊಡ್ರಿಗಸ್ ಎಂಬ ಜೆಸ್ವಿಟ್ ಪಾದ್ರಿಯೂ ಅವನೊಡನೆ ಒಬ್ಬ ದೊಮಿನಿಕನ್ ಸಂನ್ಯಾಸಿಯೂ ವಿಜಯಪುರಕ್ಕೆ ಬಂದರು. ಅಲಿಯು ಗ್ರಂಥಪ್ರಿಯನು, ಅವನ ಅರಮನೆಯ ಪುಸ್ತಕಭಂಡಾರದಲ್ಲಿ ವಾಮನ ಪಂಡಿತನೆಂಬ ಸಂಸ್ಕೃತ ವಿದ್ವಾಂಸನಿಗೂ ಉದ್ಯೋಗವಿತ್ತು. ಕೇಳುವವನೇ ಕೇಳಲು ಬಯಸಿ ಕರೆದ ಪ್ರಸಂಗವಿದು. ವಕ್ತೃವಿಗೆ ಇದಕ್ಕಿಂತ ದೊಡ್ಡ ಅನುಕೂಲ್ಯವು ಇನ್ನಾವುದು? ಆದರೆ ಈ ಭೇಟಿಯಿಂದ ಸ್ಥಿರವಾದ ಸಂವಾದವು ಬೆಳೆಯಲಿಲ್ಲ. ಹತ್ತು ವರ್ಷ ತುಂಬುವುದರೊಳಗೆ, 1570-71ರಲ್ಲಿ, ಅದೇ ಅಲಿಯು ಗೋವೆಯನ್ನು ಮುತ್ತಿದನು.

ಆ ಪಾದ್ರಿಗಳು ಬಂದ ಕಾಲದಲ್ಲಿ ಗೋವೆಯ ಆರ್ಚ್‌ಬಿಷಪ್ಪನಾಗಿದ್ದವನು ಗಾಸ್ಪರ್ ದೆ ಲಿಯಾವ್. ಇವನು 1573ರಲ್ಲಿ ಗೋವೆಯಲ್ಲಿಯೇ ‘ದೇಸೆಂಗಾನೊ ದೆ ಪೆರ್ದಿದೋಸ್’ ಎಂಬ ಗ್ರಂಥವನ್ನು ಅಚ್ಚುಹಾಕಿಸಿದನು. ದಾರಿತಪ್ಪಿದವರ ಭ್ರಮನಿವಾರಣೆಯೆಂದು ಅದರ ತಾತ್ಪರ್ಯ. ಒಬ್ಬ ಕ್ರೈಸ್ತನೂ ಒಬ್ಬ ತುರುಕನೂ, ಇಬ್ಬರು ಯಾತ್ರಿಕರು, ಸುಯೆಜ್ ಮತ್ತು ಕೈರೊ ನಗರಗಳ ನಡುವಣ ದಾರಿಯಲ್ಲಿ ಸಂಧಿಸಿ ಸಂಭಾಷಿಸುವಂತೆ ಅದರ ರಚನೆಯಿದೆ. ಸಂವಾದರೂಪವು ಪ್ರಶಂಸನೀಯವೇ, ಉಪನಿಷತ್ತುಗಳೂ ಆಗಮಗಳೂ ಅದನ್ನೇ ಹಿಡಿದಿವೆ. ಆದರೆ ವಿಮರ್ಶಕನು ಎರಡು ಸಂಗತಿಗಳನ್ನು ಗಮನಿಸದೆ ಇರಲಾರನು. ಮೊದಲನೆಯದಾಗಿ, ಗ್ರಂಥವು ಪೋರ್ತುಗೀಜ ಭಾಷೆಯಲ್ಲಿದೆ. ಅದರಲ್ಲಿ ಮಾತಾಡುವ ತುರುಕನ ಜಾತಿಯವನೊಬ್ಬನು ವಿಜಯಪುರದ ಪೇಟೆಯಲ್ಲಿ ಅದನ್ನು ಕೈಗೆತ್ತಿಕೊಂಡರೆ ಒಂದು ಅಕ್ಷರವನ್ನೂ ಓದಲಾರನು. ಎರಡನೆಯದಾಗಿ, ನಿಜವಾದ ತುರುಕನು ಘಟ್ಟದ ಮೇಲೆ ಕೆಲವೇ ದಿನಗಳ ಪ್ರಯಾಣದಲ್ಲಿದ್ದನು. ಅವನ ರಾಜನು ಪಾದ್ರಿಗಳನ್ನು ಕರೆಯಿಸಿ ಕೇಳಿದ್ದನು. ಆದರೂ ಗ್ರಂಥಕರ್ತನಿಗೆ ಸಂಭಾಷಣೆಗಾಗಿ ತುರುಕನು ದೊರೆತದ್ದು ಮಿಸರದ ಮರುಭೂಮಿಯಲ್ಲಿ! ಮಿಸರದ ತುರುಕನು ಗ್ರಂಥಕರ್ತನು ಬರೆದಷ್ಟನ್ನೇ ಆಡುವನು. ವಿಜಯಪುರದವನು ತನಗೆ ತೋಚಿದ್ದನ್ನು ಆಡಿಬಿಡುವನು. ಈ ಗ್ರಂಥದ ಬೋದ್ಧವ್ಯನು ತುರುಕನಲ್ಲ, ಗೋವೆಯ ಪೋರ್ತುಗೀಜನೇ ಎಂದು ಸಿದ್ಧವಾಗುತ್ತದೆ.

3

ಕ್ರೈಸ್ತ ಲೇಖಕರಿಗೆ ಈ ನಾಡಿನ ಭಾಷೆಗಳನ್ನು ಕಲಿಯುವ ಶಕ್ತಿಯಿರಲಿಲ್ಲವೆಂದು ಯಾರೂ ಹೇಳಲಾರರು. 1543ರವರೆಗೆ ಆದಿಲಶಾಹಿಗೆ ಸೇರಿದ್ದು ಆ ಮೇಲೆ ಪೋರ್ತುಗೀಜರ ವಶವಾದ ಸಾಷ್ಟಿಯಲ್ಲಿ, ಥಾಮಸ್ ಸ್ಟೀಫನ್ಸನೆಂಬ ಆಂಗ್ಲ ಜೆಸ್ವಿಟನು ‘ಕ್ರಿಸ್ತಪುರಾಣ’ವನ್ನು ರಚಿಸಿ 1616ರಲ್ಲಿ ರಾಚೋಲದಲ್ಲಿ ಅಚ್ಚುಮಾಡಿಸಿದನು. ಹತ್ತು ಸಾವಿರಕ್ಕೆ ಮೇಲ್ಪಟ್ಟ ಓವಿಗಳುಳ್ಳ ಈ ಮರಾಠಿ ಕಾವ್ಯವು ಸಂತಕವಿಗಳ ಛಂದಸ್ಸನ್ನೇ ಹಿಡಿದಿದೆ. ಸ್ವರ್ಗವನ್ನು ‘ವೈಕುಂಠ’ವೆಂದು ಕರೆಯುವಷ್ಟು ದೂರ ಶ್ರೋತೃವಿನ ಕಡೆಗೆ ನಡೆದುಬಂದಿದೆ. ಆ ಶಬ್ದವು ಒಳಗೆ ಬಂದರೆ ಅದರ ಹಿಂದೆಯೇ ವಿಷ್ಣುವೂ ಬರುವನೆಂಬ ಆಕ್ಷೇಪಣೆ ಇದ್ದೇ ಇದೆ. ಆದರೂ ಅನ್ಯರ ಮನೆಗೆ ಹೋಗುವವನು ಅವರ ಹೊಸ್ತಿಲ ಎತ್ತರವನ್ನು ನೋಡಿ ತಲೆ ಬಾಗಿಸಬೇಕಷ್ಟೆ. ಸ್ಟೀಫನ್ಸನು ಬಾಗಿದನು.

ಕನ್ನಡದಲ್ಲಿ ಬಾಸೆಲ್ ಮಿಶನ್ನಿನವರು ಮಾಡಿದ ಕಾರ್ಯವು ಈ ಪತ್ರಿಕೆಯ ವಾಚಕರಿಗೆ ಹೊಸದಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಆ ಸಂಸ್ಥೆಯ ಮೋಗ್ಲಿಂಗನು 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದನು, ದಾಸರ ಪದಗಳನ್ನೂ ಜೈಮಿನಿ ಭಾರತವನ್ನೂ ಅಚ್ಚಿಗೆ ತಂದನು. ಕಿಟ್ಟೆಲನು 1862ರಲ್ಲಿ ಕ್ರಿಸ್ತಚರಿತ್ರೆಯನ್ನು ‘ಕಥಾಮಾಲೆ’ಯೆಂಬ ಕನ್ನಡ ಪದ್ಯಕೃತಿಯಾಗಿ ಬರೆದನು, ಶಬ್ದಮಣಿದರ್ಪಣ, ಛಂದೋಂಬುಧಿಗಳನ್ನು ಸಂಪಾದಿಸಿದನು, 1894ರಲ್ಲಿ ನಿಘಂಟನ್ನು ಮುಗಿಸಿಕೊಟ್ಟನು. ಹಿಂದೂ ಶ್ರೋತೃವಿಗೆ ಒಂದು ಮಾತು ಹೇಳುವುದಕ್ಕಾಗಿ ಇವರು ಅವನ ವ್ಯಾಕರಣವನ್ನೂ ಛಂದಸ್ಸನ್ನೂ ಹಾಡನ್ನೂ ಕಲಿತರು. ಹೇಳಬೇಕೆಂದಿದ್ದ ಮಾತು ಎಷ್ಟು ಜನರಿಗೆ ಹಿಡಿಸಿತೋ ಅದು ಬೇರೆ. ಕಲಿತ ವಿದ್ಯೆಯು ಮಾತ್ರ ಕನ್ನಡಕ್ಕೆ ಉಳಿಯಿತು.

ಅದೇ ಮಿಶನ್ನು 1885ರಲ್ಲಿ ವಿಜಯಪುರದಲ್ಲಿ ಠಾಣೆಯನ್ನು ತೆರೆಯಿತು. ಗೋಳಗುಮ್ಮಟದ ನೆರಳಿನಲ್ಲಿ ಮುಸಲ್ಮಾನ ನೆರೆಯವರು ಬಹುಸಂಖ್ಯೆಯಲ್ಲಿದ್ದರು. ಅವರ ಕೈಗೆ ಕೊಡಲು ಉತ್ತರಹಿಂದುಸ್ಥಾನದಲ್ಲಿ ಸಿದ್ಧವಾದ ವಾಙ್ಮಯವೊಂದು ಆಗಲೇ ಇದ್ದಿತು. ಅದರಲ್ಲಿ ಅಗ್ರಗಣ್ಯವಾದ ‘ಮೀಜಾನುಲ್ ಹಖ್’ ಅಥವಾ ‘ಸತ್ಯದ ತಕ್ಕಡಿ’ಯನ್ನು ಬರೆದ ಫಾಂಡರನೂ (1803-1865) ಬಾಸೆಲ್ಲಿನಲ್ಲಿಯೇ ಶಿಕ್ಷಣ ಪಡೆದವನೆಂಬುದು ಲಕ್ಷ್ಯದಲ್ಲಿಡತಕ್ಕ ಸಂಗತಿ. ಅವನು ಕಾಕಸಸ್ ಪ್ರಾಂತದಲ್ಲಿ ಕೆಲಸಮಾಡುತ್ತ ಆ ಗ್ರಂಥವನ್ನು ಬರೆದು 1835ರಲ್ಲಿ ಪಾರಸಿಯಲ್ಲಿ ಪ್ರಕಟಿಸಿದನು. ಬಳಿಕ ಅದು ಉರ್ದುವಿಗೂ ಬಂದಿತು. ಭಾಷೆಯ ಮಟ್ಟಿಗೆ ಇಲ್ಲಿ ಮುಸಲ್ಮಾನನೇ ಬೋದ್ಧವ್ಯನು. ಗಾಸ್ಪರನಿಗಿಂತ ಫಾಂಡರನು ಇಷ್ಟರಮಟ್ಟಿಗೆ ಮುಂದೆ ಬಂದಿದ್ದಾನೆ. ಆದರೆ ತಕ್ಕಡಿಯನ್ನು ಹಿಡಿದವನೇ ತೂಗುವವನೂ ಆದರೆ ತೂಕವನ್ನು ಒಪ್ಪುವವರಾರು? 1854ರ ಏಪ್ರಿಲಿನಲ್ಲಿ ಆಗ್ರಾದಲ್ಲಿ ಅವನಿಗೂ ರಹಮತುಲ್ಲಾ ಕೈರಾನವಿಗೂ ಎರಡು ದಿನ ಬಹಿರಂಗ ವಾದವು ನಡೆಯಿತು. ಇದರ ಮುಂದುವರಿಕೆಯಾಗಿ ರಹಮತುಲ್ಲನು 1864ರಲ್ಲಿ ‘ಇಜ್‌ಹಾರುಲ್ ಹಖ್’ ಎಂಬ ಅರಬಿ ಗ್ರಂಥವನ್ನು ಬರೆದನು. ಒಂದು ತಕ್ಕಡಿಗೆ ಇನ್ನೊಂದು ತಕ್ಕಡಿ ಹುಟ್ಟಿತು.

ನಮ್ಮ ನೈಯಾಯಿಕರು ಕಥೆಯನ್ನು ಮೂರಾಗಿ ವಿಂಗಡಿಸುತ್ತಾರೆ. ತತ್ತ್ವವನ್ನು ತಿಳಿಯಲು ನಡೆವುದು ವಾದ. ಗೆಲ್ಲಲು ನಡೆವುದು ಜಲ್ಪ. ತನ್ನದೇನನ್ನೂ ಸ್ಥಾಪಿಸದೆ ಎದುರಾಳಿಯದನ್ನು ಕೆಡವಲು ನಡೆವುದು ವಿತಂಡೆ. ಆಗ್ರಾದಲ್ಲಿ ನಡೆದುದು ಜಲ್ಪವೇ. ಜಲ್ಪದಲ್ಲಿ ಬೋದ್ಧವ್ಯನು ಎದುರಾಳಿಯಲ್ಲ, ಸುತ್ತಲೂ ಕುಳಿತ ಸಭೆಯು. ಮುಸಲ್ಮಾನನನ್ನು ನೋಡುತ್ತ, ಸಭೆಗೆ ಕೇಳುವಂತೆ ಆಡಿದ ಮಾತದು. ನನ್ನ ಮಿತ್ರರ ನೆರೆಮನೆಯ ಮುದುಕಿಗೆ ಅದು ಮೌಲವಿಯ ಮಾತಿನಂತೆ ಕೇಳಿಸಿದ್ದರಲ್ಲಿ ಆಶ್ಚರ್ಯವೇನು? ಆ ಉರ್ದುವಿನ ಹಿಂದೆ ಪಂಡಿತರ ಮಲ್ಲರಂಗವೇ ಇದೆ.

4

ಹಾಗಾದರೆ ಈ ನಗರದಲ್ಲಿ ಮನೆಮಾತಿನಲ್ಲಿ ಧರ್ಮವನ್ನು ಹೇಳಿದ ಉದಾಹರಣೆಯೇ ಇಲ್ಲವೋ? ಇದೆ, ಅದನ್ನು ಹೇಳಿದವರು ಸೂಫಿಗಳು. ಶಾಹ ಮೀರಾಂಜಿ ಶಂಸುಲ್ ಉಶ್ಶಾಖನೂ, ಅವನ ಮಗ ಬುರ್ಹಾನುದ್ದೀನ ಜಾನಮನೂ, ಮೊಮ್ಮಗ ಅಮೀನುದ್ದೀನ ಆಲಾನೂ (ಮರಣ 1675) ದಖನಿಯಲ್ಲಿ ಬರೆದರು. ಪಾರಸಿಯನ್ನು ಬಿಟ್ಟು ಜನರ ಮಾತಿನಲ್ಲಿ ಬರೆಯುವುದಕ್ಕೆ ಸಮಾಧಾನ ಹೇಳಿಕೊಳ್ಳಬೇಕಾದ ಕಾಲದಲ್ಲಿ ಇವರು ಧೈರ್ಯದಿಂದ ಹಾಗೆ ಮಾಡಿದರು. ಇವರ ಪರಂಪರೆಯ ಸುತ್ತಮುತ್ತ ಬೆಳೆದ ‘ಚಕ್ಕೀನಾಮಾ’ಗಳೆಂಬ ಹಾಡುಗಳಲ್ಲಿ ಬೀಸುವ ಕಲ್ಲೇ ಉಪಮಾನವು. ನಿಂತ ಹಿಡಿಗೂಟವು ಅರಬಿಯ ಮೊದಲನೆಯ ಅಕ್ಷರವಾದ ಅಲಿಫಿನಂತೆ ನೆಟ್ಟಗಿರುವುದರಿಂದ ಅದು ದೇವರ ಹೆಸರನ್ನು ನೆನಪಿಸುತ್ತದೆ. ನಡುವಿನ ಗೂಟವು ಪ್ರವಾದಿಯನ್ನು ಸೂಚಿಸುತ್ತದೆ. ರಾಟೆಯ ಹಾಡು, ಜೋಗುಳ, ಮದುವೆಯ ಹಾಡುಗಳೂ ಹೀಗೆಯೇ ಹುಟ್ಟಿದವು. ನಸುಕಿನಲ್ಲಿ ಜೋಳ ಬೀಸುವ ಹೆಂಗಸಿಗೆ ಹೊಸ ಕೆಲಸವನ್ನೇನೂ ಹೇಳದೆ, ಅವಳು ಮಾಡುತ್ತಿದ್ದ ಕೆಲಸದೊಳಗೇ ಅರ್ಥವನ್ನು ಇಟ್ಟರು. ಮಮ್ಮಟನು ಹೇಳುವ ಪ್ರಭುಸಮ್ಮಿತ, ಸುಹೃತ್ಸಮ್ಮಿತ, ಕಾಂತಾಸಮ್ಮಿತಗಳೆಂಬ ಮೂರು ಉಪದೇಶಗಳಲ್ಲಿ ಇದು ನಿಸ್ಸಂದೇಹವಾಗಿ ಮೂರನೆಯದು.

ಇಲ್ಲಿ ಒಂದು ಪೂರ್ವಪಕ್ಷವುಂಟು. ಸೂಫಿಗಳದೂ ಮತಪ್ರಚಾರವೇ ಅಲ್ಲವೆ, ಹಾಡು ಅದಕ್ಕೊಂದು ಉಪಾಯವಷ್ಟೇ ಅಲ್ಲವೆ ಎಂದು. ಇದಕ್ಕೆ ಸಮಾಧಾನ: ವಿಜಯಪುರದ ಸೂಫಿಗಳನ್ನು ಕುರಿತು 1978ರಲ್ಲಿ ದೊಡ್ಡ ಗ್ರಂಥವನ್ನು ಬರೆದ ರಿಚರ್ಡ್ ಈಟನ್ನರು, ಈ ಹಾಡುಗಳನ್ನು ಯೋಜನಾಪೂರ್ವಕವಾದ ಮತಾಂತರದ ಸಾಧನವೆಂದು ಎಣಿಸುವುದು ಸರಿಯಲ್ಲವೆಂದೂ, ದರಗಾಗಳಿಗೆ ಬರುತ್ತಿದ್ದ ಹೆಂಗಸರ ಬಾಯಿಂದ ಬಾಯಿಗೆ ಅವು ಹರಡಿದವೆಂದೂ ತೋರಿಸಿದ್ದಾರೆ. ಹಾಡಿದವಳಿಗೆ ಅದು ತನ್ನ ಹಾಡೇ ಆಯಿತು. ಬೋದ್ಧವ್ಯನು ವಕ್ತೃವಾಗಿ ಪರಿಣಮಿಸುವುದೇ ಮಾತು ಫಲಿಸಿದ್ದಕ್ಕೆ ಲಕ್ಷಣವು.

ಪಶ್ಚಿಮಕ್ಕೆ ತಿಕೋಟಾದ ಕಡೆಗೆ ಹೋಗುವ ದಾರಿಯಲ್ಲಿ ತೊರವೆಯಿದೆ. ಕುಮಾರವಾಲ್ಮೀಕಿಯ ರಾಮಾಯಣಕ್ಕೆ ಅಂಕಿತನಾದ ನರಸಿಂಹನು ಅಲ್ಲಿಯವನು. ಎರಡನೆಯ ಇಬ್ರಾಹಿಮನು 1599ರಲ್ಲಿ ಕಟ್ಟತೊಡಗಿದ ನವರಸಪುರದ ಅವಶೇಷಗಳೂ ಅಲ್ಲಿಯವೇ. ವಲಸೆಬಂದ ಯೂಸುಫನ ವಂಶದಲ್ಲಿ ಹುಟ್ಟಿದ ಈ ದೊರೆಯು ‘ಕಿತಾಬೆ ನೌರಸ್’ ಎಂಬ ದಖನಿ ಗೀತಸಂಗ್ರಹದಲ್ಲಿ ಸರಸ್ವತಿಯನ್ನೂ ಗಣಪತಿಯನ್ನೂ ಸ್ತುತಿಸಿದನು. ಆ ಗ್ರಂಥಕ್ಕೆ ಪಾರಸಿ ಮುನ್ನುಡಿಯನ್ನು ಬರೆದವನು ಪಾರಸಿಕದೇಶದಿಂದ ಬಂದ ಜುಹೂರಿ ಕವಿ. ಭರತಮುನಿಯ ರಸವು ಪಾರಸಿ ಓದುಗನಿಗೆ ಹೀಗೆ ತಲುಪಿತು. ಅದೇ ತೊರವೆಯಿಂದ ನಗರಕ್ಕೆ ನೀರು ನೆಲದೊಳಗಿನ ಕಾರೇಜುಗಳ ಮೂಲಕ ಬರುತ್ತಿತ್ತು; ಸುರಂಗ ಬಾವಡಿಯು ಇಂದಿಗೂ ನೋಡಸಿಗುತ್ತದೆ. ಆ ಸುರಂಗವಿದ್ಯೆಯು ಪಾರಸಿಕರದು, ನೀರು ನಮ್ಮ ನೆಲದ್ದು. ಕುಡಿದವರು ಯಾರ ನೀರೆಂದು ಕೇಳಲಿಲ್ಲ.

ಇದಕ್ಕೆ ಪ್ರತಿಯಾಗಿ ಮುಸಲ್ಮಾನರ ಕಥೆಯು ಕನ್ನಡಕ್ಕೆ ಬಂದ ರೀತಿಯನ್ನೂ ನೋಡಬೇಕು. ಬಬಲೇಶ್ವರದ ಕಡೆಯ ಒಂದು ಗ್ರಾಮದಲ್ಲಿ ಮೊಹರಮ್ಮಿನ ರಾತ್ರಿ ನಾನು ರಿವಾಯತ ಪದಗಳನ್ನು ಕೇಳಿದ್ದೇನೆ. ಅಲಾಯಿ ಕುಣಿಯ ಸುತ್ತ ನಿಂತು ಹಾಡುವವರಲ್ಲಿ ಮುಸಲ್ಮಾನರೂ ಇದ್ದರು, ಲಿಂಗವಂತರೂ ಇದ್ದರು. ಕರ್ಬಲೆಯಲ್ಲಿ ನೀರಿಲ್ಲದೆ ಬಳಲಿದ ಮಕ್ಕಳ ಕಥೆಯನ್ನು ಅವರು ಅಚ್ಚಗನ್ನಡದಲ್ಲಿ ಹಾಡುತ್ತಿದ್ದರು. ಬರಗಾಲವನ್ನು ಕಂಡ ಆ ನಾಡಿನ ಜನರಿಗೆ ನೀರಡಿಕೆಯೆಂಬ ಶಬ್ದಕ್ಕೆ ವ್ಯಾಖ್ಯಾನವೇ ಬೇಕಾಗಿರಲಿಲ್ಲ. ಕೇಳುತ್ತಿದ್ದ ಹೆಂಗಸರು ಸೆರಗಿನಿಂದ ಕಣ್ಣೊರಸಿಕೊಂಡರು. ಮರುದಿನ ಯಾರೂ ತಮ್ಮ ಧರ್ಮವನ್ನು ಬಿಡಲಿಲ್ಲ. ಆದರೆ ನೆರೆಯವನ ದುಃಖವು ಅವರಿಗೆ ತಿಳಿದಿತ್ತು. ನಮ್ಮ ಶಾಸ್ತ್ರದಲ್ಲಿ ಇದನ್ನೇ ಕರುಣರಸದ ಸಾಧಾರಣೀಕರಣವೆನ್ನುತ್ತೇವೆ.

5

ಈಗ ಉಪಾಧ್ಯಾಯರ ಪ್ರಶ್ನೆಗೆ ಬರೋಣ. ದೋಷವು ಪುಸ್ತಕದಲ್ಲಿ ಎರಡು ವಿಧವಾಗಿತ್ತು. ಒಂದು, ಭಾಷೆಯು ಬೋದ್ಧವ್ಯಳ ಮನೆಯದಲ್ಲ. ಇನ್ನೊಂದು ಇದಕ್ಕಿಂತ ಗುರುತರವಾದದ್ದು. ಅವಳಿಗೆ ಆ ಕಥೆಯು ತಿಳಿದೇ ಇಲ್ಲವೆಂಬ ಗ್ರಹಿಕೆಯಿಂದ ಪುಸ್ತಕವು ಮಾತಾಡಿತು. ಖುರಾನಿನ ಹತ್ತೊಂಬತ್ತನೆಯ ಅಧ್ಯಾಯಕ್ಕೆ ಮರ್ಯಮಳದೇ ಹೆಸರು. ಖರ್ಜೂರದ ಮರದ ಬುಡದಲ್ಲಿ ಪ್ರಸವವೇದನೆಪಡುವ ತಾಯಿಯ ಚಿತ್ರವು ಅಲ್ಲಿದೆ. ಆ ಶಿಶುವಿಗೆ ಮುಸಲ್ಮಾನರು ‘ಈಸಾ’ ಎನ್ನುತ್ತಾರೆ. ಪ್ರಚಾರದಲ್ಲಿರುವ ಉರ್ದು ಬೈಬಲ್ ‘ಯಸೂ’ ಎನ್ನುತ್ತದೆ. ಮುದುಕಿಯು ಬಾಲ್ಯದಿಂದ ಬಲ್ಲ ಒಬ್ಬನನ್ನು ಅಪರಿಚಿತನ ಹೆಸರಿನಿಂದ ಅವಳ ಮನೆಗೆ ಕರೆದೊಯ್ದಂತಾಯಿತು.

ಇಷ್ಟರಿಂದ, ಹೆಸರನ್ನು ಬದಲಿಸಿ ಸಿಹಿಮಾತಿನಲ್ಲಿ ಹೇಳಿಬಿಟ್ಟರೆ ಸಾಕೆಂದು ತಿಳಿಯಲಾಗದು. ಎರಡು ಕಥೆಗಳು ಎಲ್ಲಿಯೋ ಒಂದಾಗಿ ಮುಂದೆ ಬೇರೆಯಾಗುತ್ತವೆ. ಶಿಲುಬೆಯ ಮರಣವು ಕ್ರೈಸ್ತನಿಗೆ ಧರ್ಮದ ನಡುಗಂಬವು. ಖುರಾನು ಅದನ್ನು ಒಪ್ಪುವುದಿಲ್ಲ. ಈ ಭೇದವನ್ನು ಮುಚ್ಚಿ ಕಥೆ ಹೇಳುವವನು ಕೇಳುವವಳನ್ನು ವಂಚಿಸುತ್ತಾನೆ. ಭೇದವನ್ನೇ ಮೊದಲು ಹೊಡೆಯುವವನು ಅವಳನ್ನು ಎದುರಾಳಿಯನ್ನಾಗಿ ಮಾಡಿಕೊಳ್ಳುತ್ತಾನೆ. ಔಚಿತ್ಯವು ಇವೆರಡರ ನಡುವೆ ಇದೆ: ಅವಳ ಕಥೆಯನ್ನು ಮೊದಲು ಪೂರ್ತಿಯಾಗಿ ಕೇಳಿ, ತನ್ನದನ್ನು ಬಳಿಕ ಹೇಳಿ, ಎಲ್ಲಿ ದಾರಿ ಕವಲೊಡೆಯುತ್ತದೆಯೋ ಅಲ್ಲಿ ಕವಲೊಡೆಯಿತೆಂದು ಹೇಳುವುದು. ಆ ಮುದುಕಿಯು ‘ನಾ ಹೇಳಲೇನು?’ ಎಂದಾಗಲೇ ವಾದಕ್ಕೆ ನಿಜವಾದ ಬಾಗಿಲು ತೆರೆದಿತ್ತು. ಉಪಾಧ್ಯಾಯರು ಅಂದು ಪುಸ್ತಕವನ್ನು ಮುಚ್ಚಿ, “ಹೇಳ್ರಿ, ಅವ್ವಾ” ಎಂದು ಕುಳಿತರಂತೆ. ಆದಕಾರಣ ದೋಷವು ಪುಸ್ತಕದಲ್ಲಿತ್ತು, ಅವರಲ್ಲಿರಲಿಲ್ಲವೆಂದು ನನ್ನ ನಿರ್ಣಯವು.

ಈ ನಿರ್ಣಯವನ್ನು ಹೇಳುವ ಅಧಿಕಾರವು ನನಗೆ ಎಷ್ಟರಮಟ್ಟಿಗಿದೆಯೆಂಬುದನ್ನೂ ಹೇಳದಿದ್ದರೆ ಲೇಖನವು ಅಪ್ರಾಮಾಣಿಕವಾದೀತು. ಹದಿನಾಲ್ಕನೆಯ ಶತಮಾನದ ಸರ್ವದರ್ಶನಸಂಗ್ರಹವು ಚಾರ್ವಾಕನಿಂದ ಹಿಡಿದು ಹದಿನಾರು ದರ್ಶನಗಳನ್ನು ಸಂಗ್ರಹಿಸಿದೆ. ಒಪ್ಪದ ಮತವನ್ನೂ ಅದರದೇ ಮಾತಿನಲ್ಲಿ ನಿಲ್ಲಿಸಿ ತೋರಿಸುವುದು ಆ ಗ್ರಂಥದ ದೊಡ್ಡ ಗುಣವು. ಆದರೆ ಆ ಹದಿನಾರರಲ್ಲಿ ಇಸ್ಲಾಮಿಗೆ ಸ್ಥಾನವಿಲ್ಲ. ಆ ಕಾಲಕ್ಕೆ ಮುಸಲ್ಮಾನರು ದಕ್ಷಿಣದಲ್ಲಿ ರಾಜ್ಯವನ್ನೇ ಕಟ್ಟಿದ್ದರು. ನಾನೂ ಪಾಠಶಾಲೆಯಲ್ಲಿ ಹನ್ನೆರಡು ವರ್ಷ ಓದಿದೆನು. ಎರಡು ಓಣಿಗಳ ಆಚೆ ಮಸೀದಿಯಲ್ಲಿ ಹುಡುಗರು ಪಾಠವನ್ನು ಒಪ್ಪಿಸುವ ಧ್ವನಿಯು ನಮ್ಮ ಸಂಧ್ಯಾವಂದನೆಯ ಹೊತ್ತಿಗೆ ಪ್ರತಿದಿನ ಕೇಳಿಸುತ್ತಿತ್ತು. ಅವರೇನು ಓದುತ್ತಾರೆಂದು ನಾವು ಒಂದು ದಿನವೂ ವಿಚಾರಿಸಲಿಲ್ಲ. ಬೌದ್ಧನ ಕ್ಷಣಭಂಗವಾದವನ್ನು ಖಂಡಿಸುವುದಕ್ಕೆ ತಿಂಗಳುಗಟ್ಟಲೆ ಕಳೆದೆವು. ಊರಿನಲ್ಲಿ ಬೌದ್ಧನೊಬ್ಬನೂ ಇರಲಿಲ್ಲ. ಗಾಸ್ಪರನು ತನ್ನ ತುರುಕನನ್ನು ಮಿಸರದಲ್ಲಿ ಹುಡುಕಿದನೆಂದು ಮೇಲೆ ಆಕ್ಷೇಪಿಸಿದೆನು. ನಾವು ಅವನಷ್ಟಾದರೂ ಹುಡುಕಲಿಲ್ಲ.

ಆದುದರಿಂದ ವಿದ್ವಜ್ಜನರಲ್ಲಿಯೂ ಸಾಹಿತ್ಯಾಧ್ಯಾಪಕರಲ್ಲಿಯೂ ನನ್ನ ಬಿನ್ನಹವು ಇಷ್ಟೆ. ವಿಜಯಪುರ ನಗರದಲ್ಲಿಯೂ, ಈಗ ತಾಲ್ಲೂಕು ಕೇಂದ್ರಗಳಾದ ತಿಕೋಟಾ ಬಬಲೇಶ್ವರಗಳ ಹಳ್ಳಿಗಳಲ್ಲಿಯೂ ದಖನಿಯ ಬೀಸುವ ಹಾಡುಗಳನ್ನು ಬಲ್ಲ ಮುದುಕಿಯರು ಇನ್ನೂ ಇದ್ದಲ್ಲಿ, ಅವರ ಬಳಿಗೆ ಹೋಗಿ ಕೇಳಿ ಬರೆದುಕೊಳ್ಳಬೇಕು. ಹಿಟ್ಟಿನ ಗಿರಣಿಯು ಬಂದ ಮೇಲೆ ಬೀಸುವ ಕಲ್ಲು ಗೋಡೆಗೆ ಒರಗಿದೆ. ಹಾಡಿದವರ ಕಂಠವೂ ಬಹುಕಾಲ ನಿಲ್ಲದು. ಆ ಹಾಡುಗಳನ್ನು ರಿವಾಯತ ಪದಗಳೊಡನೆಯೂ, ಕಥಾಮಾಲೆ ಕ್ರಿಸ್ತಪುರಾಣಗಳೊಡನೆಯೂ ಒಂದೇ ತರಗತಿಯಲ್ಲಿ ಪಾಠಹೇಳಿದರೆ, ಪರಧರ್ಮದವನೊಡನೆ ಮಾತಾಡುವುದೆಂದರೇನೆಂಬುದು ನಮ್ಮ ವಿದ್ಯಾರ್ಥಿಗಳಿಗೆ ಉದಾಹರಣಸಹಿತವಾಗಿ ತಿಳಿದೀತು. ಉಪಾಧ್ಯಾಯರು ಆ ಮುದುಕಿಯಿಂದ ಕೇಳಿದ ಮರ್ಯಮಳ ಕಥೆಯನ್ನು ಬರೆದುಕೊಂಡಿದ್ದಾರೆ. ಮುಂದಿನ ಭಾನುವಾರ ನಾನೂ ಅವರೊಡನೆ ಆ ಮನೆಗೆ ಹೋಗುವವನಿದ್ದೇನೆ. ಇತ್ಯಲಮ್.